ಎರಡನೆಯ ಸರಣಿ, ಮೊದಲ ಕಂತು

ಚಾಕಣದ ರಾತ್ರಿಪಾಳಿ ಮುಗಿಸಿ
ಕಂಪನಿ ಬಸ್ಸಿನ ಕೊನೆಯ ಸೀಟಲ್ಲಿ
ಇಯರ್‌ಫೋನಿನ ಒಂದು ಎಳೆ ನನಗೆ, ಒಂದು ಮುಜಾವರನಿಗೆ.

ಶುರುವಿನ ಹಾಡು ಬದಲಾಗಿದೆ. ಬಣ್ಣ ತುಸು ಜಾಸ್ತಿ.
ಹಳೆಯ ದೈತ್ಯ ಕಡಲಂಚಲ್ಲಿ ಮಂಡಿಯೂರಿದೆ,
ಎದೆಗೂಡಿನಲ್ಲಿ ಪಾರಿವಾಳ.

ಹೊಸ ಯಂತ್ರ ತೆಳ್ಳಗೆ, ಮಾತೂ ಆಡುತ್ತದೆ;
ಒಳಗೆ ಕೂತ ಹುಡುಗಿಗೆ ಹದಿನಾಲ್ಕು.
ನಮಗೂ ಆಗ ಅಷ್ಟೇ,
ಗೋಕಾಕದ ಸಿಡಿ ಅಂಗಡಿ,
ದಿನದ ಬಾಡಿಗೆ ಹತ್ತು ರೂಪಾಯಿ.

"ಅಂವ ಎಲ್ಲಿ ಹೋದ್ನಲೇ, ಪೈಲಟ್ಟು?"
ಮುಜಾವರ ಕೇಳಿದ್ದೇ ತಡ, ಬಂದ:
ಕನ್ನಡಕ, ನೆರೆತ ಮೀಸೆ, ಕೈಯಲ್ಲಿ ಸ್ಪ್ಯಾನರು.
ಜಗತ್ತು ಉಳಿಸಿದವನು
ಈಗ ಹುಡುಗಿಯ ಯಂತ್ರದ
ಮೊಣಕಾಲಿಗೆ ಬೋಲ್ಟು ಬಿಗಿಯುತ್ತಾನೆ.

ನಾವು ನಗಲಿಲ್ಲ.
ಭೋಸರಿ ಬಂತು. ಇಳಿಯುತ್ತ ಅವನೆಂದ:
"ಬಿಗಿಯೂದು ಮಾತ್ರ ಬರೋಬರ್ ತೋರ್ಸ್ಯಾರ."