ಎರಡು ಬೆರಳು

ಅಸ್ಮಾರಾದ ಮೆದೆಬೆರ್‌ನಲ್ಲಿ, ತಗಡು ಬಡಿಯುವ ಸದ್ದಿನ ನಡುವೆ
ತೆವೊಲ್ದೆ ನನ್ನ ಸೈಕಲ್ಲನ್ನಲ್ಲ,
ಮೊದಲು ನನ್ನನ್ನೇ ನೋಡಿದ.
"ಅಂಗೈ ಜುಮ್ಮೆನ್ನುತ್ತದೆಯೆ?
ಕಿರುಬೆರಳು ಮೊದಲೋ?"
ಹೌದೆಂದೆ. ಕತ್ತಿನ ವಿಷಯ ಹೇಳಲಿಲ್ಲ.

ಇಪ್ಪತ್ತೆರಡರಲ್ಲಿ ಗೆದ್ದ ಭಂಗಿ ಇದು, ತಾತಾ,
ಬೆನ್ನು ಮೇಜಿನಂತೆ ಮಲಗಬೇಕು.

"ಆ ಹುಡುಗಿ ಈಗ ಎಲ್ಲಿದ್ದಾಳೆ?
ಕರೆದುಕೊಂಡು ಬಾ, ಅವಳಿಗೆ ಹೊಂದಿಸಿಕೊಡುತ್ತೇನೆ."

ಸೀಟು ಅರ್ಧ ಬೆರಳು ಇಳಿಯಿತು.
ಹ್ಯಾಂಡಲ್ ಎರಡು ಬೆರಳು ಏರಿ
ನನ್ನತ್ತ ಒಂದಿಷ್ಟು ಸರಿಯಿತು
ಗುಟ್ಟು ಹೇಳಬಂದ ನೆರೆಯವಳಂತೆ.
ಕಲ್ಲಿನಂಥ ಸಪೂರ ಟೈರು ಕಳಚಿ
ದಪ್ಪನೆಯದನ್ನು ತೊಡಿಸಿ, ಗಾಳಿ ತುಂಬಿ,
ಮತ್ತೆ ಪುಸ್ಸೆಂದು ಬಿಟ್ಟು, ಬಿಟ್ಟು,
ನನ್ನ ಹೆಬ್ಬೆರಳಿಂದಲೇ ಒತ್ತಿಸಿದ:
"ಪಪ್ಪಾಯಿ ಕೊಳ್ಳುತ್ತೀಯಲ್ಲ, ಹಾಗೆ.
ಕಾಯಿ ಬೇಡ. ಕೊಳೆತದ್ದೂ ಬೇಡ."

ಸಂಜೆ, ಮಸ್ಸಾವಾ ರಸ್ತೆಯ ಇಳಿಜಾರು.
ಬದಿಗೆ ಕಳ್ಳಿಹಣ್ಣಿನ ಬುಟ್ಟಿಗಳು, ಕೆಳಗೆ ಮೋಡ.
ಬಿರಿದ ಡಾಂಬರು ಕಿರುಚುವುದು ಬಿಟ್ಟು
ಗೊಣಗತೊಡಗಿತ್ತು, ಅಷ್ಟೆ.
ಹುಡುಗರಿಬ್ಬರು ನನ್ನನ್ನು ದಾಟಿ ಹೋದರು,
ಬೆನ್ನು ಮೇಜಿನಂತೆ.

ನಾನು ತಲೆಯೆತ್ತಿದ್ದೆ.
ಮೂವತ್ತು ವರ್ಷ ತುಳಿದ ಈ ದಾರಿಗೆ
ಬಲಗಡೆ ಒಂದು ಕಣಿವೆಯಿದೆ.