ಏಳನೇ ಹಾಳೆ

ಒಂದು ಸಾಲು ಅಂದರೆ ಒಂದು ಕಾರ್ಡು.
ಹೆಸರು, ದರ, ಚೀಲ, ಚಿತ್ರ, ನಡುನಡುವೆ ಅಲ್ಪವಿರಾಮ.
ಕೋಡಿಗೆ ಗೊತ್ತಿರುವ ವ್ಯಾಕರಣ ಅಷ್ಟೇ.
ಕೋಷ್ಟಕದಲ್ಲಿ ದಲ್ಲಾಳಿ ಎಂದು ಬರೆದರೆ
ಎರಡು ಸೆಕೆಂಡಿನಲ್ಲಿ ದಲ್ಲಾಳಿ ಎದ್ದು ಬರುತ್ತಾನೆ
ಅರವತ್ತಮೂರಕ್ಕೆ ಎಂಬತ್ತೆಂಟು ಮಿಲಿಮೀಟರು,
ದುಂಡು ಮೂಲೆ, ಕಂಕುಳಲ್ಲಿ ಕೊಡೆ.

ಮೊದಲ ರಾತ್ರಿ ಒತ್ತಕ್ಷರಗಳು ಉದುರಿದವು.
ತಕ್ಕಡಿ ತಕ್‌ಕಡಿಯಾಯಿತು
ಗಡ್ಡೆ ಗಡ್‌ಡೆಯಾಯಿತು
ಅಂಗಮಾರಿ ಒಂದೇ ನೆಟ್ಟಗೆ ಬಂತು:
ರೋಗಕ್ಕೆ ಒತ್ತಿಲ್ಲವಲ್ಲ.

ಬಿದ್ದ ಒತ್ತುಗಳನ್ನು ಮನೆ ಮುಟ್ಟಿಸಲು
ಶನಿವಾರ ಹೋಯಿತು, ಭಾನುವಾರ ಅರ್ಧ ಹೋಯಿತು.
ಫಾಂಟು ಬದಲಿಸಿದೆ. ಅಕ್ಷರ ಪೋಣಿಸುವ ಕಸುಬಿನ
ಬೇರೆ ಲೈಬ್ರರಿ ಹುಡುಕಿ ತಂದೆ.
ಕೊನೆಗೆ ತಕ್ಕಡಿಯ ಕಕಾರದಡಿ ಪುಟ್ಟ ಒತ್ತು
ತಟ್ಟೆಯ ಹಾಗೆ ತೂಗಿ ನಿಂತಾಗ
ಅಡುಗೆಮನೆಗೆ ಹೋಗಿ, ದೀಪವನ್ನೂ ಹಾಕದೆ,
ಒಂದು ಲೋಟ ಮಜ್ಜಿಗೆ ಕುಡಿದೆ.

ಸಂತೇಪೇಟೆ. ಜಿನದತ್ತಣ್ಣನ ಜೆರಾಕ್ಸ್ ಅಂಗಡಿ.
“ಮದುವೆ ಕಾರ್ಡಾ?”
“ಅಲ್ಲಣ್ಣ, ಆಟದ್ದು.”
“ಇಸ್ಪೀಟಾ?” ಎಂದು ಬೀದಿಯ ಕಡೆ ಒಮ್ಮೆ ನೋಡಿದ.
“ಆಲೂಗಡ್ಡೆ ಮಂಡೀದು.”
ಅದಕ್ಕೇನೂ ಅನ್ನಲಿಲ್ಲ.
ಹಾಸನದಲ್ಲಿ ಆ ಮಾತಿಗೆ ಅನ್ನುವಂಥದ್ದೇನಿದೆ.
“ದಪ್ಪ ಹಾಳೆ. ಮಷೀನು ನುಂಗಿದರೆ ನನ್ನ ಕೇಳಬೇಡಿ.”

ಹಾಳೆಗೆ ಒಂಬತ್ತು, ಕಾರ್ಡು ಐವತ್ತನಾಲ್ಕು,
ಆರೇ ಹಾಳೆ ಎಂದು ಚಿಲ್ಲರೆ ಎಣಿಸಿಕೊಂಡಿದ್ದೆ.
ಮಷೀನು ನಿಲ್ಲಲಿಲ್ಲ.
ಏಳನೆಯದು ಬಂತು, ಬಿಸಿಬಿಸಿ,
ಎಡಗಡೆ ಮೇಲೆ ಒಂದೇ ಒಂದು ಚೌಕಟ್ಟು,
ಹೆಸರಿಲ್ಲ, ಚಿತ್ರವಿಲ್ಲ,
ದರದ ಜಾಗದಲ್ಲಿ ಬರೀ ರೂಪಾಯಿಯ ಗುರುತು.

ಕೋಷ್ಟಕದ ಕೊನೆಯಲ್ಲಿ ಯಾವಾಗಲೋ ಬೆರಳು ತಗಲಿ
ಒಂದು ಖಾಲಿ ಸಾಲು ಉಳಿದಿತ್ತು.
ಖಾಲಿಯನ್ನೂ ಎದ್ದುಬಂದು ಕೂರಿಸಿದೆ ಕೋಡು,
ಕರೆಯದೆ ಬಂದವರಿಗೂ ಎಲೆ ಹಾಕುವ ಹಾಗೆ.
“ಹಾಳೆ ಅಂದ್ರೆ ಹಾಳೆ,” ಎಂದು
ಜಿನದತ್ತಣ್ಣ ಪೂರ್ತಿ ದುಡ್ಡು ಹಿಡಿದ.

ಆಟಕ್ಕೆ ಕೂತವರು ನಾನು, ರುಕಿಯಾ,
ರುಕಿಯಾಳ ಮೈದುನ (ಅವನು ಫೋನು ನೋಡುತ್ತಿದ್ದ),
ಮತ್ತೆ ಎದುರು ಮನೆಯ ಮೊಗಣ್ಣ,
ಮೂವತ್ತೊಂದು ವರ್ಷ ಮಂಡಿಯಲ್ಲಿ ತೂಕ ಹಾಕಿದವರು.

“ಗುಟ್ಟಿನ ದರವನ್ನು ಚೀಟಿಯಲ್ಲಿ ಬರೆಯಿರಿ”
ಎಂದಿತ್ತು ನನ್ನ ನಿಯಮ. ಅದಕ್ಕೆಂದೇ ಒಂಬತ್ತು ಚೀಟಿ ಕಾರ್ಡು.
“ಚೀಟಿ ಯಾಕವ್ವ?” ಎಂದರು.
ಹೆಗಲಿನ ಟವೆಲು ತೆಗೆದು ನನ್ನ ಕೈಮೇಲೆ ಹಾಸಿ
ಅದರಡಿ ನನ್ನ ಮೂರು ಬೆರಳು ಹಿಡಿದರು.
ಒರಟು, ಬೆಚ್ಚಗೆ. ದರ ತಿಳಿಯಿತು,
ರುಕಿಯಾಗೆ ತಿಳಿಯಲಿಲ್ಲ.
ಒಂಬತ್ತು ಸಾಲು ಅಲ್ಲೇ ಸತ್ತವು.

ಆಮೇಲೆ ಮಳೆಯ ಕಾರ್ಡು ಬಂತು:
ತೂಕದಿಂದ ಎರಡು ಕಳೆಯಿರಿ.
“ನೆಂದ್ರೆ ತೂಕ ಏರ್ತದೆ ಕಣವ್ವ, ಇಳಿಯಲ್ಲ.
ಇಳಿಯೋದು ಮೂರನೇ ದಿನ, ಕೊಳೆತ ಮ್ಯಾಲೆ.
ಏರಿದ ಎಲ್ಡು ಕೇಜಿ ಯಾರದು ಅಂತಲೇ
ಅಲ್ಲಿ ಜಗಳ ಆಗ್ತಿದ್ದಿದ್ದು.”
ಯಾರದು ಎಂದು ಕೇಳಿದೆ.
ಕಾರ್ಡು ಜೋಡಿಸಿಕೊಳ್ಳುತ್ತ ಸುಮ್ಮನಾದರು.

ಆ ರಾತ್ರಿ ಕೋಡಿನಲ್ಲಿ ಒಂದು ಗೆರೆಗೆ
ಅಡ್ಡಲಾಗಿ ಇನ್ನೊಂದು ಗೆರೆ ಎಳೆದೆ.
ಕಳೆಯುವುದು ಕೂಡುವುದಾಯಿತು.

ಆದರೆ ಅದಕ್ಕೂ ಮೊದಲು, ಕೊನೇ ಸುತ್ತಿನಲ್ಲಿ,
ಕಟ್ಟಿನೊಳಗೆ ಹೇಗೋ ಸೇರಿಕೊಂಡಿದ್ದ ಆ ಖಾಲಿ
ಮೊಗಣ್ಣನ ಕೈಗೇ ಬಿತ್ತು.
ಹಿಂದೆ ನೋಡಿದರು, ಮುಂದೆ ನೋಡಿದರು,
ಕನ್ನಡಕ ಒರೆಸಿ ಮತ್ತೆ ನೋಡಿದರು.
ಮೆಲ್ಲಗೆ ನಡುವೆ ಇಟ್ಟು
ಚೀಲಗಳನ್ನೆಲ್ಲ ತಮ್ಮತ್ತ ಎಳೆದುಕೊಂಡರು.
ಇಲ್ಲ ಎನ್ನಲು ನಿಯಮ ಬೇಕು.
ನಾನು ಬರೆದಿರಲಿಲ್ಲ.
ಮೈದುನ ಫೋನು ಕೆಳಗಿಟ್ಟ.

ಈಗ ಇದು ಒಂಬತ್ತನೇ ಆವೃತ್ತಿ.
ಐದು ಹಾಳೆಗೆ ಕಾರ್ಡೆಲ್ಲ ಮುಗಿಯುತ್ತವೆ.
ಕರ್ಸರು ಖಾಲಿ ಸಾಲಿನ ಮೇಲೆ ಮಿಣುಕುತ್ತದೆ,
ಅಳಿಸುವ ಗುಂಡಿ ಬೆರಳಿನಡಿಯಲ್ಲೇ ಇದೆ.

“ಮತ್ತೆ ಒಂದೇ ಚೌಕ ಬಂತಲ್ರೀ,”
ಆರನೇ ಹಾಳೆ ಹಿಡಿದು ಜಿನದತ್ತಣ್ಣ ಕೇಳುತ್ತಾನೆ.
“ಉಳಿದ ಎಂಟಕ್ಕೆ ಏನಾದ್ರೂ ಹಾಕಬಾರದಾ?”
ಯೋಚಿಸ್ತಿದ್ದೀನಿ ಅಂತೇನೆ,
ದುಡ್ಡು ಕೊಡ್ತೇನೆ.