ಬಲಕ್ಕೆ ಮೂರು ಸುತ್ತು

ಬಲಕ್ಕೆ ಮೂರು ಸುತ್ತು, ಹದಿನೇಳಕ್ಕೆ ನಿಲ್ಲು.
ಎಡಕ್ಕೆ ಒಂದು ಪೂರಾ ಸುತ್ತು, ಹದಿನೇಳನ್ನು ದಾಟಿಕೊಂಡು
ಮೂವತ್ತೆರಡು. ಮತ್ತೆ ಬಲಕ್ಕೆ, ನೇರ, ಐದು.
ಎಳೆ.
ಬರಲಿಲ್ಲವೇ? ಸೊನ್ನೆಯಿಂದ ಮತ್ತೆ.

ಇಪ್ಪತ್ತಾರು ಸೆಪ್ಟೆಂಬರು ಇದೇ ಮಾತು ಹೇಳಿದ್ದಾನೆ
ವಿನಿಪೆಗ್ಗಿನ ಆ ಶಾಲೆಯಲ್ಲಿ, ಮೇಣ ತಿಕ್ಕಿದ ನೆಲ
ಇನ್ನೂ ಕಾಲಿಗೆ ಜಾರುವಾಗ,
ಹೆಸರು ಒರೆಸ್ಟ್ ಹ್ನಾಟಿಯುಕ್.
(ನಮ್ಮ ಕಿವಿಗೆ ಕೆಲಸವೇ ಹೆಸರಾದಂತೆ.)
ಜೇಬಿನಲ್ಲಿ ನೀಲಿ ರಟ್ಟಿನ ಪುಸ್ತಕ:
ಎಂಟುನೂರ ನಲವತ್ತು ಬೀಗ,
ಒಂದೊಂದರ ಎದುರು ಮೂರು ಮೂರು ಅಂಕಿ.

ಹುಟ್ಟಿದ ದಿನವಲ್ಲ, ಮನೆ ನಂಬರಲ್ಲ,
ಎಲ್ಲೋ ಕಾರ್ಖಾನೆ ಕೊಟ್ಟದ್ದು.
ಆದರೂ ಹದಿನೈದು ದಿನ ಕಳೆಯಲಿ,
ಕೇಳಿದರೆ ಬಾಯಿಗೆ ನೆನಪಿಲ್ಲ, ಬೆರಳಿಗೆ ಗೊತ್ತು.
ಒಬ್ಬ ಸೋಮಾರಿ ಎರಡನೇ ಅಂಕಿಯಲ್ಲೇ ಮುಳ್ಳು ಬಿಟ್ಟು ಹೋಗುತ್ತಾನೆ,
ಬಂದವನು ಒಂದೇ ತಿರುವಿಗೆ ಒಳಗೆ.
ಒಬ್ಬಳು ಮಣಿಕಟ್ಟಿನ ಮೇಲೆ ಬರೆದುಕೊಂಡು
ಬೆವರಿಗೆ ಐದು ಆರಾಗಿ ಅಳುತ್ತಾಳೆ.
ಮುಷ್ಟಿಯಿಂದ ಗುದ್ದುವವರೂ ಇದ್ದಾರೆ.
ಕೆಲವು ಬೀಗ ಗುದ್ದಿಗೂ ಬಾಗುತ್ತವೆ, ಅದನ್ನು ಅವನು ಯಾರಿಗೂ ಹೇಳಿಲ್ಲ.

ಫೆವೆನ್ ಬಂದದ್ದು ನವೆಂಬರಿನಲ್ಲಿ, ತಡವಾಗಿ,
ಅಸ್ಮಾರಾದಿಂದ ಹೊರಟು ಖಾರ್ಟೂಮಿನಲ್ಲಿ ನಾಲ್ಕು ವರ್ಷ ನಿಂತು.
ಲಾಕರ್ ಇನ್ನೂರ ಹದಿನೇಳು.
ಬೀಗ ಹಿಡಿದು, ತಿರುವಿ, ಬುಡ ನೋಡಿ,
ಕೈ ಚಾಚಿದಳು: ಕೀಲಿ?
ಇಲ್ಲ ಎಂದು ಅವನು ತಲೆಯಾಡಿಸಿದ.
ಕೀಲಿ ಇಲ್ಲದ ಬೀಗವನ್ನು ನಂಬುವುದು ಹೇಗೆ,
ಅವಳ ಮುಖ ಕೇಳಿದ್ದು ಇಷ್ಟೇ.

ಅವನು ಬೆರಳೆತ್ತಿದ. ಅವಳು ಎಣಿಸಿದಳು:
ಹಾದೆ, ಕಿಲ್ತೆ, ಸೆಲೆಸ್ತೆ.
ಎಡಕ್ಕೆ ತಿರುಗಿಸುವಾಗ ಪ್ರತಿಸಲ ಒಂದು ಸುತ್ತು ಕಡಿಮೆ.
ಸೊನ್ನೆಯಿಂದ ಮತ್ತೆ. ಬೆಲ್ಲು ಹೊಡೆಯಿತು. ಮತ್ತೆ.
ನಾಲ್ಕನೇ ದಿನ ಸದ್ದೇನೂ ಆಗಲಿಲ್ಲ,
ಅಂಗೈಯೊಳಗೆ ಏನೋ ಸೋತು ಸಡಿಲವಾಯಿತು, ಅಷ್ಟೆ.
ಕೊಂಡಿ ಬಾಯಿ ಬಿಟ್ಟಿತು.
ಅವಳು ನಗಲಿಲ್ಲ.
ಒತ್ತಿ ಮುಚ್ಚಿ, ಡಯಲನ್ನು ಗರಗರ ತಿರುಗಿಸಿ
ಇನ್ನೊಮ್ಮೆ ತೆರೆದಳು.

ಆಮೇಲೆ ದಿನವೂ ಎಂಟು ಗಂಟೆ ಹತ್ತು ನಿಮಿಷಕ್ಕೆ,
ಹೊರಗೆ ಮೈನಸ್ ಮೂವತ್ತಿರಲಿ,
ಕೈಗವಸು ಹಲ್ಲಿನಲ್ಲಿ ಕಚ್ಚಿಕೊಂಡು
ಅವಳು ತೆರೆಯುವುದು, ಒಳಗೆ ನೋಡುವುದು, ಮುಚ್ಚುವುದು.
ದೂರದಲ್ಲಿ ಒರೆಸ್ಟ್, ಕಸಪೊರಕೆಯ ಮೇಲೆ ಗಲ್ಲವೂರಿ.

ಮಾರ್ಚಿನಲ್ಲಿ ಅವಳ ಅಪ್ಪನಿಗೆ ಬ್ರ್ಯಾಂಡನ್ನಿನ ಮಾಂಸದ ಕಾರ್ಖಾನೆಯಲ್ಲಿ ಕೆಲಸವಾಯಿತು.
ಶುಕ್ರವಾರ ಇದ್ದಳು. ಸೋಮವಾರ ಇಲ್ಲ.

ಜೂನು. ಶಾಲೆ ಖಾಲಿ. ಬಕೆಟ್ಟು ಹಿಡಿದು ಸಾಲಿನುದ್ದ ನಡೆದ.
ಬೀಗದ ಬೆನ್ನಿಗೆ ಒಂದು ಸಣ್ಣ ತೂತು ಇದೆ,
ಮಕ್ಕಳು ಅದನ್ನು ಸ್ಕ್ರೂ ಅಂದುಕೊಳ್ಳುತ್ತಾರೆ.
ಅವನ ಕೊರಳಿನ ಒಂದೇ ಕೀಲಿಗೆ
ಎಂಟುನೂರ ನಲವತ್ತು ಗುಟ್ಟೂ ಒಂದೇ.
ಒಂಟಿ ಬೂಟು, ಕಪ್ಪಾದ ಸೇಬು, ತುತ್ತೂರಿಯ ಬಾಯಿ,
ಯಾರಿಗೋ ಬರೆದು ಕೊಡದ ಚೀಟಿ.

ಇನ್ನೂರ ಹದಿನೇಳರ ಎದುರು ಕೀಲಿಯನ್ನು ಅಂಗಿಯೊಳಗೆ ಬಿಟ್ಟುಕೊಂಡ.
ಹದಿನೇಳು. ಮೂವತ್ತೆರಡು. ಐದು.
ಪುಸ್ತಕ ನೋಡಲಿಲ್ಲ.

ಒಳಗೆ ಏನೂ ಇರಲಿಲ್ಲ.
ಕೊಕ್ಕೆಗೆ ಕೋಟು ತೂಗಿದ ಗೆರೆಯಿಲ್ಲ,
ತಗಡಿನ ತಳದಲ್ಲಿ ಬೂಟಿನ ಹಿಮ ಕರಗಿದ ಕಲೆಯಿಲ್ಲ.
ಈಗ ನೆನಪಾಯಿತು: ಚಳಿಗಾಲವಿಡೀ
ಎಲ್ಲವನ್ನೂ ಬೆನ್ನಮೇಲೆ ಹೊತ್ತೇ ತರಗತಿಗೆ ಹೋಗುತ್ತಿದ್ದಳು,
ಯಾವ ಕ್ಷಣದಲ್ಲಾದರೂ ಎದ್ದು ಹೊರಡುವವಳ ಹಾಗೆ.

ಪುಸ್ತಕದಲ್ಲಿ 'ಬಿಟ್ಟುಹೋದದ್ದು' ಎಂಬ ಅಂಕಣ.
ಪೆನ್ನು ತೆಗೆದ, ಮುಚ್ಚಿದ.
ಬೀಗ ಬಕೆಟ್ಟಿಗೆ ಬಿತ್ತು. ಬಗ್ಗಿ ನೋಡಿದರೆ
ಯಾವುದು ಅದು ಎಂದು ಅವನಿಗೂ ತಿಳಿಯದು.
ಮೇಲಿನ ಮಹಡಿಯಲ್ಲಿ ಇನ್ನೂ ಅರವತ್ತು ಬಾಕಿ.